ಒಂದು ಕಿಲೋದ ಭಾರ

ಹೊಸ ಲ್ಯಾಪ್‌ಟಾಪ್ ನನ್ನ ಕೈ ಸೇರಿದ ದಿನ ಅದನ್ನು ಮೊದಲು ತೂಗಿ ನೋಡಿದವರು ನಮ್ಮ ಗುರುನಿವಾಸದಲ್ಲಿ ಅಡುಗೆ ಮಾಡುವ ತಾಯಿ. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಅಂಕಿಯಲ್ಲಿ ಅವರಿಗೆ ನಂಬಿಕೆ ಬರಲಿಲ್ಲ. ಬೇಳೆಕಾಳು ತೂಗುವ ತಕ್ಕಡಿಯನ್ನು ತಂದು, ಒಂದು ತಟ್ಟೆಯಲ್ಲಿ ಕಿಲೋ ಕಲ್ಲನ್ನೂ ಇನ್ನೊಂದರಲ್ಲಿ ಲ್ಯಾಪ್‌ಟಾಪನ್ನೂ ಇಟ್ಟರು. ಕಲ್ಲಿದ್ದ ತಟ್ಟೆ ಕೆಳಗಿಳಿಯಿತು. “ಪೂರಾ ಒಂದು ಕಿಲೋನೂ ತೂಗಂಗಿಲ್ಲಲ್ರೀ ಫಾದರ್! ಇದಕ್ಕ ಅಷ್ಟು ರೊಕ್ಕ ಕೊಟ್ಟಾರೇನ್ರಿ?” ಎಂದು ಅವರು ಕೇಳಿದಾಗ ನಾನು ನಕ್ಕು ಸುಮ್ಮನಾದೆ. ಆದರೆ ತೂಕ ಇಳಿದಷ್ಟೂ ಬೆಲೆ ಏರುವ ಈ ವಸ್ತುವಿನ ವಿಚಾರ ಅಂದು ರಾತ್ರಿ ನನ್ನನ್ನು ಬಿಡಲಿಲ್ಲ.

ಅದು ನಾನು ಕೊಂಡದ್ದಲ್ಲ. ಹಿಂದಿನ ಒಂದು ಧರ್ಮಕೇಂದ್ರದಲ್ಲಿ ಪೂಜಾಸೇವಕನಾಗಿದ್ದು, ಈಗ ಬೆಂಗಳೂರಿನಲ್ಲಿ ಇಂಜಿನಿಯರನಾಗಿರುವ ತರುಣನೊಬ್ಬನ ಕೊಡುಗೆ. ನನ್ನ ಹಳೆಯ ಯಂತ್ರ ಚಾರ್ಜರು, ಚೀಲ ಸಮೇತ ಮೂರು ಕಿಲೋ ಮೀರುತ್ತಿತ್ತು. ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದ ದಿನ ಎಡಭುಜ ರಾತ್ರಿಯಿಡೀ ನೋಯುತ್ತಿತ್ತು. ಹೊಸದಾದರೋ ಪ್ರಾರ್ಥನಾ ಪುಸ್ತಕ, ಸ್ಟೋಲು, ಪವಿತ್ರ ತೈಲದ ಪುಟ್ಟ ಡಬ್ಬಿ ಇವುಗಳ ಜೊತೆಗೆ ಒಂದೇ ಜೋಳಿಗೆಯಲ್ಲಿ ಸುಮ್ಮನೆ ಕುಳಿತುಬಿಡುತ್ತದೆ. ಮುಚ್ಚಳ ತೆರೆದೊಡನೆ ಬೆಳಕು, ಸದ್ದಿಲ್ಲ, ಬಿಸಿಯಿಲ್ಲ. ವಾಚಕರ ಮುಂದೆ ಸತ್ಯ ಹೇಳುವುದಾದರೆ, ನನಗೆ ಬಹಳ ಸಂತೋಷವಾಯಿತು. ಮಕ್ಕಳ ಸಂತೋಷ. ಮರುವಾರ ನಡೆದ ಗುರುಗಳ ಸಭೆಯಲ್ಲಿ ಬರೆದುಕೊಳ್ಳುವಂಥದ್ದು ಏನೂ ಇಲ್ಲದಿದ್ದರೂ ಅದನ್ನು ಮೇಜಿನ ನಡುವೆ ತೆರೆದಿಟ್ಟು ಕುಳಿತೆ. ಧರ್ಮಸಭೆಯ ಕಾನೂನು ಸಂಹಿತೆಯ 282ನೆಯ ವಿಧಿ ಗುರುಗಳು ಸರಳ ಬದುಕು ನಡೆಸಬೇಕು, ಆಡಂಬರದ ಸೋಂಕಿರುವ ಎಲ್ಲದರಿಂದ ದೂರವಿರಬೇಕು ಎನ್ನುತ್ತದೆ. ಗುರುಮಠದಲ್ಲಿ ಅದನ್ನು ಓದಿದಾಗ ನಮ್ಮ ಕಣ್ಣೆದುರಿಗೆ ಬಂದಿದ್ದು ಕಾರು, ಬಂಗಲೆ, ಚಿನ್ನದ ಉಂಗುರ. ಕಿಲೋಗಿಂತ ಕಡಿಮೆ ತೂಗುವ ಆಡಂಬರವೂ ಉಂಟೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಇನ್ನೊಂದು ಪೇಚಾಟವೂ ಆಯಿತು. ಹದಿನೈದು ವರ್ಷಗಳಿಂದ ಹಳೆಯ ಅಕ್ಷರವಿನ್ಯಾಸವೊಂದರಲ್ಲಿ ಬೆರಳಚ್ಚಿಸಿ ಇಟ್ಟಿದ್ದ ನನ್ನ ಪ್ರಬೋಧನೆಗಳನ್ನು ಹೊಸ ಯಂತ್ರದಲ್ಲಿ ತೆರೆದರೆ, ಕನ್ನಡವೆಲ್ಲ ಮಾಯವಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳು ಕಂಡವು. ತಿಳಿದವರ ನೆರವಿನಿಂದ ಅವನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿಕೊಂಡೆ. ಹಾಗೆ ಒಂದೊಂದನ್ನೂ ತೆರೆದು ಪರೀಕ್ಷಿಸುವಾಗ ಗೊತ್ತಾಯಿತು: ತನಗಿದ್ದುದನ್ನು ಮಾರಲಾರದೆ ದುಃಖದಿಂದ ಹಿಂದಿರುಗಿದ ಶುಭಸಂದೇಶದ ಸಿರಿವಂತನ ಬಗ್ಗೆ ನಾನು ಒಂಬತ್ತು ಸಲ ಬೋಧಿಸಿದ್ದೇನೆ. ಒಂಬತ್ತು ಸಲವೂ ಆ ಮನುಷ್ಯ ಬೇರೆ ಯಾರೋ ಆಗಿದ್ದ.

ನಮ್ಮ ನುಡಿಯಲ್ಲಿ ಭಾರಕ್ಕೆ ಗೌರವವಿದೆ. ತೂಕದ ಮಾತು, ತೂಕದ ಮನುಷ್ಯ, ಘನವಂತ ಎನ್ನುತ್ತೇವೆ. ಹಗುರವಾಗಿ ಮಾತಾಡಬೇಡ ಎಂದು ಮಕ್ಕಳನ್ನು ಗದರಿಸುತ್ತೇವೆ. ಛಂದಸ್ಸಿನಲ್ಲಿ ಗುರು ಎಂದರೆ ಭಾರದ ಅಕ್ಷರ, ಲಘು ಎಂದರೆ ಹಗುರದ್ದು. ಜನ ನಮ್ಮನ್ನು ‘ಗುರುಗಳೇ’ ಎಂದು ಕರೆಯುವಾಗ ಆ ಪದದೊಳಗಿನ ತೂಕವನ್ನು ನಾವೇ ಮರೆತಿರುತ್ತೇವೆ. ಹೀಬ್ರೂ ಭಾಷೆಯಲ್ಲಿ ದೇವರ ಮಹಿಮೆಗೆ ‘ಕಾವೋದ್’ ಎನ್ನುತ್ತಾರೆ. ಅದರ ಧಾತುವಿನ ಅರ್ಥವೂ ಭಾರವಾಗಿರು ಎಂದೇ. ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಇಹದ ಸಂಕಟವನ್ನು ಹಗುರವೆಂದೂ ಪರದ ಮಹಿಮೆಯನ್ನು ಭಾರವೆಂದೂ ಕಾಣುತ್ತಾರೆ. ಸಂತ ಅಗಸ್ಟೀನರ ದೃಷ್ಟಿ ಇನ್ನೂ ಸೂಕ್ಷ್ಮವಾದುದು. ಭಾರವೆಂದರೆ ಕೆಳಗೆ ಜಗ್ಗುವುದಷ್ಟೇ ಅಲ್ಲ, ಪ್ರತಿಯೊಂದನ್ನೂ ಅದರ ನೆಲೆಯತ್ತ ಒಯ್ಯುವ ಸೆಳೆತ. ಮನುಷ್ಯನನ್ನು ಒಯ್ಯುವ ಭಾರ ಅವನ ಪ್ರೀತಿ ಎಂಬುದು ಅವರ ಕಾಣ್ಕೆ. ಹಾಗಾದರೆ ಈ ಹಗುರ ವಸ್ತು ನನ್ನನ್ನು ಯಾವ ಕಡೆಗೆ ಒಯ್ಯುತ್ತಿದೆ?

1981ರಲ್ಲಿ ಮಾರುಕಟ್ಟೆಗೆ ಬಂದ ಆಸ್ಬೋರ್ನ್ ಎಂಬ ‘ಒಯ್ಯಬಹುದಾದ’ ಕಂಪ್ಯೂಟರು ಸುಮಾರು 11 ಕಿಲೋ ತೂಗುತ್ತಿತ್ತು. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಸಭೆಯ ಮುಂದೆ ಕಾಗದದ ಲಕೋಟೆಯೊಂದರಿಂದ ಲ್ಯಾಪ್‌ಟಾಪನ್ನು ಹೊರತೆಗೆದು ತೋರಿಸಿದರು. ಆ ಹನ್ನೊಂದು ಕಿಲೋ ಎಲ್ಲಿ ಹೋಯಿತು? ಕರಗಿ ಹೋಯಿತೆಂದು ನಾನು ತಿಳಿದಿದ್ದೆ. ಆದರೆ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಆ ಕಾಲದ ಒಂದು ಮೇಜಿನ ಕಂಪ್ಯೂಟರನ್ನೂ ಅದರ ಪರದೆಯನ್ನೂ ತಯಾರಿಸಲು 240 ಕಿಲೋ ಇಂಧನ, 22 ಕಿಲೋ ರಾಸಾಯನಿಕ, 1,500 ಲೀಟರ್ ನೀರು ಬೇಕಾಗುತ್ತಿತ್ತು. ಇನ್ನು ಲ್ಯಾಪ್‌ಟಾಪು, ಮೊಬೈಲುಗಳ ಬ್ಯಾಟರಿಗೆ ಬಳಸುವ ಕೋಬಾಲ್ಟ್ ಲೋಹದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಆಫ್ರಿಕದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ. ಅಲ್ಲಿ ಕೈಯಿಂದ ಅಗೆಯುವ ಗಣಿಗಳಲ್ಲಿ ಮಕ್ಕಳೂ ಅದಿರಿನ ಚೀಲ ಹೊರುತ್ತಿದ್ದುದನ್ನು ಆಮ್ನೆಸ್ಟಿ ಸಂಸ್ಥೆ 2016ರ ವರದಿಯಲ್ಲಿ ದಾಖಲಿಸಿತು. ದಿವಂಗತ ಪೋಪ್ ಫ್ರಾನ್ಸಿಸರು 2023ರಲ್ಲಿ ಆ ದೇಶಕ್ಕೆ ಹೋದಾಗ, ಆಫ್ರಿಕದ ಮಣ್ಣನ್ನು ದೋಚುವುದು ನಿಲ್ಲಲಿ ಎಂದು ನೇರವಾಗಿಯೇ ಹೇಳಿದರು. ನನ್ನ ಯಂತ್ರದೊಳಗಿನ ಲೋಹ ಯಾವ ಗಣಿಯದೋ ನಾನರಿಯೆ. ನನ್ನ ಎಡಭುಜದಿಂದ ಇಳಿದ ಭಾರ ಮಾಯವಾಗಿಲ್ಲ, ಬೇರೆ ಯಾವುದೋ ಭುಜಕ್ಕೆ ಹೋಗಿದೆ ಎಂಬುದನ್ನು ಮಾತ್ರ ಬಲ್ಲೆ.

ಇಷ್ಟೆಲ್ಲ ತಿಳಿದ ಮೇಲೂ ಬುದ್ಧಿ ಬಂದಿರಲಿಲ್ಲ ಎಂಬುದಕ್ಕೆ ಬಂಕಾಪುರದ ಒಂದು ಸಂಜೆ ಸಾಕ್ಷಿ.

ಕಳೆದ ವರ್ಷ ತಪಸ್ಸುಕಾಲಕ್ಕೆ ಕೆಲವು ದಿನ ಮುಂಚೆ, ಪರಿಚಿತ ಕುಟುಂಬವೊಂದರ ಹಿರಿಯರ ವರ್ಷಾಂತಿಕ ಪೂಜೆಗೆಂದು ಅಲ್ಲಿಗೆ ಹೋಗಿದ್ದೆ. ರಾತ್ರಿ ಅಲ್ಲೇ ತಂಗುವುದೆಂದಾಯಿತು. ಹಳೆಯ ಯಂತ್ರವಾಗಿದ್ದರೆ ಖಂಡಿತ ಬಿಟ್ಟು ಹೋಗುತ್ತಿದ್ದೆ. ಹಗುರವಾದದ್ದು ಎಲ್ಲ ಕಡೆಗೂ ಬೆನ್ನು ಹತ್ತಿ ಬರುತ್ತದೆ. ಸಂಜೆ ಕೋಟೆಯ ಕಡೆ ನಡೆದೆ. ಕೋಟೆಯೊಳಗೆ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. ಆ ಆವರಣವನ್ನೇ ಮನೆಮಾಡಿಕೊಂಡಿರುವ ನವಿಲುಗಳಿಗಾಗಿ 2006ರಲ್ಲಿ ಅದು ನವಿಲುಧಾಮವೂ ಆಯಿತು. ಜನ ಅರವತ್ತು ಕಂಬದ ಗುಡಿ ಎಂದು ಕರೆಯುವ ನಗರೇಶ್ವರ ದೇವಾಲಯವೂ ಅಲ್ಲಿಯೇ ಇದೆ. ಗಂಡು ನವಿಲೊಂದು ತನ್ನ ಉದ್ದನೆಯ ಗರಿಗಳ ಹೊರೆಯನ್ನು ಎಳೆದುಕೊಂಡು ಬೇಲಿಯ ಪಕ್ಕದಲ್ಲಿ ನಡೆದಿತ್ತು. ನಾನು ಹತ್ತಿರ ಹೋದೊಡನೆ ಅಷ್ಟನ್ನೂ ಎತ್ತಿಕೊಂಡು ಬೇವಿನ ಮರಕ್ಕೆ ಹಾರಿತು.

ಈ ಊರಿಗೆ ಬರಹದ ನಂಟು ಹಳೆಯದು. ಜಿನಸೇನಾಚಾರ್ಯರು ಆರಂಭಿಸಿ ಮುಗಿಸಲಾಗದೆ ಹೋದ ಮಹಾಪುರಾಣವನ್ನು ಶಿಷ್ಯರಾದ ಗುಣಭದ್ರರು ಉತ್ತರಪುರಾಣ ಬರೆದು ಪೂರ್ಣಗೊಳಿಸಿದರು. ಬಂಕೆಯನ ಮಗ ಲೋಕಾದಿತ್ಯ ಬಂಕಾಪುರದಿಂದ ಆಳುತ್ತಿದ್ದಾಗ, 898ರಲ್ಲಿ, ಆ ಗ್ರಂಥಕ್ಕೆ ಪೂಜೆ ಸಂದಿತೆಂದು ಅದರ ಪ್ರಶಸ್ತಿಯಲ್ಲಿದೆ. ಮುಂದಿನ ಶತಮಾನದಲ್ಲಿ ದಾನಚಿಂತಾಮಣಿ ಎನಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದು ಸಾವಿರ! ತಾಳೆಗರಿಯ ಮೇಲೆ ಕಂಟದಿಂದ ಕೊರೆದು ಮಸಿ ಸವರಿದ ಕೈಗಳು ಎಷ್ಟಿದ್ದವೋ. ಆದರೆ ಆ ಕೈಗಳು ಅವಳ ಕಣ್ಣಿಗೆ ಕಾಣುತ್ತಿದ್ದವು. ಕೂಲಿ ಕೊಡುವಾಗ ಮುಖ ನೋಡಿ ಕೊಡಬಹುದಿತ್ತು. ನನ್ನ ಜೋಳಿಗೆಯಲ್ಲಿ ಸಾವಿರವಲ್ಲ, ಹತ್ತು ಸಾವಿರ ಗ್ರಂಥಗಳಿಗೆ ಜಾಗವಿದೆ, ಕಾಣುವ ಕೈ ಒಂದೂ ಇಲ್ಲ.

ಗಂಗರ ದೊರೆ ಮಾರಸಿಂಹ ರಾಜ್ಯವನ್ನು ತೊರೆದು, ಇದೇ ಬಂಕಾಪುರಕ್ಕೆ ಬಂದು, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟನೆಂದು ಶ್ರವಣಬೆಳಗೊಳದ ಶಾಸನ ಸಾರುತ್ತದೆ. ಅದು 974ರ ಸುಮಾರಿನ ಮಾತು. ಪ್ರಾಣವು ದೇವರ ಕೊಡುಗೆ, ಅದನ್ನು ನಾವಾಗಿ ಒಪ್ಪಿಸಿಬಿಡುವುದು ಸಲ್ಲದು ಎಂಬುದು ನಮ್ಮ ಧರ್ಮಸಭೆಯ ಬೋಧನೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ಅನೇಕ ಯುದ್ಧಗಳನ್ನು ಗೆದ್ದವನೊಬ್ಬ ಕತ್ತಿ, ಕಿರೀಟ, ಕೊನೆಗೆ ಅನ್ನವನ್ನೂ ಕೆಳಗಿಟ್ಟು ಹಗುರಾದ ನೆಲದ ಮೇಲೆ ನಿಂತು ನಾನು ಮೊದಲು ಮಾಡಿದ ಕೆಲಸ, ಜೋಳಿಗೆಯ ಜಿಪ್ಪು ಸರಿಯಾಗಿ ಮುಚ್ಚಿದೆಯೇ ಎಂದು ಕೈಯಿಟ್ಟು ನೋಡಿದ್ದು.

ಪೂಜೆ, ಊಟ ಮುಗಿದ ಮೇಲೆ ಜಗಲಿಯಲ್ಲಿ ಕುಳಿತು ಭಾನುವಾರದ ಪ್ರಬೋಧನೆಯನ್ನು ಬರೆಯತೊಡಗಿದೆ. ಪಕ್ಕದ ಮನೆಯ ಅಂಗಳದಲ್ಲಿ ತಾಯಿ ಮಗಳು ಬ್ಯಾಡಗಿ ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುತ್ತಿದ್ದರು. ತೂಕದ ಲೆಕ್ಕದ ಕೂಲಿ. ಒಣಗಿದ ಕಾಯಿ ಗಾಳಿಯಷ್ಟು ಹಗುರ. ಒಂದು ಕಿಲೋ ಆಗಬೇಕಾದರೆ ನೂರಾರು ಸಲ ಬೆರಳು ಆಡಬೇಕು. ಸ್ವಲ್ಪ ಹೊತ್ತಿಗೆ ಮಗಳು ಎದ್ದು ಬಂದು ಜಗಲಿಯ ಕೆಳಗೆ ನಿಂತಳು. ಪದವಿಯ ಮೊದಲ ವರ್ಷದಲ್ಲಿ ಓದುವವಳು. “ಫಾದರ್, ಇದರಾಗ ನನ್ನ ಸ್ಕಾಲರ್‌ಶಿಪ್ ಅರ್ಜಿ ತುಂಬಬಹುದೇನ್ರಿ? ನಾಳೆ ಕಡೀ ದಿನ ಐತ್ರಿ. ಮೊಬೈಲಿನ್ಯಾಗ ಆಗವಲ್ದು” ಎಂದಳು. ಕೈಯಲ್ಲಿದ್ದ ಮೊಬೈಲಿನ ಗಾಜು ಜೇಡರ ಬಲೆಯಂತೆ ಒಡೆದಿತ್ತು.

ನಾನು ನೋಡಿದ್ದು ಆ ಗಾಜನ್ನಲ್ಲ, ಅವಳ ಬೆರಳುಗಳನ್ನು. ಕೆಂಪು ಪುಡಿ ಉಗುರಿನ ಸಂದಿಯವರೆಗೂ ಇಳಿದಿತ್ತು. “ಕೈ ತೊಳಕೊಂಡು ಬಾರವ್ವ” ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು. ಅವಳು ಓಡಿಹೋಗಿ ಬಚ್ಚಲಲ್ಲಿ ಸೋಪು ಹಚ್ಚಿ ತೊಳೆದಳು, ತಂದು ತೋರಿಸಿದಳು, ಬಣ್ಣ ಪೂರ್ತಿ ಹೋಗಿಲ್ಲವೆಂದು ತಾನೇ ಮತ್ತೊಮ್ಮೆ ಹೋಗಿ ತೊಳೆದಳು. ಅವಳ ತಾಯಿ ಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಎರಡೇ ಗಂಟೆಯ ಹಿಂದೆ, ಬಲಿಪೀಠದ ಬದಿಯಲ್ಲಿ ನನ್ನ ಬೆರಳುಗಳ ಮೇಲೆ ನೀರು ಹಾಕಿಸಿಕೊಂಡು, ನನ್ನನ್ನು ಶುದ್ಧಮಾಡೆಂದು ಬೇಡಿಕೊಂಡಿದ್ದವನು ನಾನೇ.

ಖಾಸಗಿ ಆಸ್ತಿಯ ಕುರಿತು ಸಂತ ಥಾಮಸ್ ಅಕ್ವಿನಾಸರು ಮಾಡಿದ ವಿಂಗಡಣೆಯನ್ನು ಗುರುಮಠದಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು. ವಸ್ತುವನ್ನು ಸಂಪಾದಿಸಿ ನಿರ್ವಹಿಸುವ ಮಟ್ಟಿಗೆ ಅದು ನನ್ನದಾಗಬಹುದು. ಬಳಸುವಾಗ ಮಾತ್ರ ಎಲ್ಲರದೆಂಬಂತೆ ಹಿಡಿದು, ಕೊರತೆಯಿದ್ದವನಿಗೆ ಒಡನೆ ಕೊಡುವ ಮನಸ್ಸಿರಬೇಕು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯೂ ಅದನ್ನೇ ದೃಢಪಡಿಸಿತು. ಪರೀಕ್ಷೆಯಲ್ಲಿ ನನಗೆ ಈ ಪ್ರಶ್ನೆಗೆ ಒಳ್ಳೆಯ ಅಂಕ ಬಂದಿತ್ತು. ಉದಾಹರಣೆಯಾಗಿ ರೊಟ್ಟಿ, ಹೊಲ, ಬಾವಿ ಕೊಡುತ್ತಿದ್ದರು. ಕಂಪ್ಯೂಟರನ್ನೂ ಬಾವಿಯಂತೆ ಕಂಡವರು ನಮ್ಮ ನಾಡಿನಲ್ಲೇ ಇದ್ದರು. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಇಂಜಿನಿಯರುಗಳು ಸೇರಿ ಸಿಂಪ್ಯೂಟರ್ ಎಂಬ ಅಂಗೈ ಅಗಲದ ಯಂತ್ರವನ್ನು ರೂಪಿಸಿದರು. ಒಬ್ಬೊಬ್ಬರೂ ಒಂದೊಂದು ಕೊಳ್ಳಲಾರರು ಎಂಬುದನ್ನು ಮೊದಲೇ ಒಪ್ಪಿಕೊಂಡು, ಯಂತ್ರ ಹಲವರಿಗೆ ಸೇರಿ ಒಂದು, ಪ್ರತಿಯೊಬ್ಬರ ಬಳಿ ಇರುವುದು ತಮ್ಮ ಮಾಹಿತಿಯ ಪುಟ್ಟ ಕಾರ್ಡು ಮಾತ್ರ ಎಂದು ಯೋಜಿಸಿದ್ದರು. 2004ರಲ್ಲಿ ಅದು ಮಾರಾಟಕ್ಕೆ ಬಂದರೂ ನಡೆಯಲಿಲ್ಲ; ಅಗ್ಗದ ಮೊಬೈಲು ಬಂದು ಎಲ್ಲರ ಕೈಗೂ ‘ನನ್ನದು’ ಎಂಬ ಒಂದೊಂದನ್ನು ಕೊಟ್ಟಿತು. ನಾನು ಈ ಲೇಖನವನ್ನು ಕನ್ನಡದಲ್ಲಿ ಬೆರಳಚ್ಚಿಸುತ್ತಿರುವುದು ಸಹ ಯಾರೋ ತಮ್ಮದನ್ನು ಎಲ್ಲರದಾಗಿಸಿದ್ದರಿಂದ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದು ಉಚಿತವಾಗಿ ಹಂಚಿದ ‘ಬರಹ’, ಇವುಗಳ ಪುಣ್ಯದಿಂದ ಎಷ್ಟು ಮನೆಗಳಲ್ಲಿ ಕನ್ನಡ ಪರದೆಯ ಮೇಲೆ ಮೂಡಿತು! ಅಂಥವರ ಕೊಡುಗೆಯನ್ನು ಅನುಭವಿಸಿದವನು ಒಂದು ಅರ್ಜಿಗೆ ಅನುಮಾನಿಸಿದ್ದೆ.

ಗುರುವಿನ ಯಂತ್ರದಲ್ಲಿ ಎಲ್ಲವೂ ಎಲ್ಲರದಾಗಲಾರದು ಎಂಬುದೂ ನಿಜ. ಮುರಿದ ಮದುವೆಗಳ ಕಾಗದಪತ್ರ, ಗುಟ್ಟಾಗಿ ನೆರವು ಕೇಳಿದವರ ಓಲೆ, ಇವು ನನ್ನವೂ ಅಲ್ಲ, ಊರಿನವೂ ಅಲ್ಲ. ಊರಿಗೆ ಮರಳಿದ ಮೇಲೆ ಅವನ್ನು ಬೀಗದೊಳಗಿಟ್ಟು, ಧರ್ಮಕೇಂದ್ರದ ವಿದ್ಯಾರ್ಥಿಗಳಿಗೆಂದು ಬೇರೊಂದು ಖಾತೆ ತೆರೆದೆ. ಗುಪ್ತಪದವನ್ನು ಉಪದೇಶಿಗಳಿಗೆ ಹೇಳಿದ್ದೇನೆ. ಕೊಟ್ಟ ತರುಣ ಇದನ್ನು ಕೇಳಿ, “ಫಾದರ್, ಅದು ನಿಮಗಂತ ಕೊಟ್ಟದ್ದು” ಎಂದು ಫೋನಿನಲ್ಲಿ ಸ್ವಲ್ಪ ಬೇಸರಿಸಿದ. ಅವನಿಗೆ ಸರಿಯಾದ ಉತ್ತರ ಇನ್ನೂ ಕೊಟ್ಟಿಲ್ಲ.

ಬಂಕಾಪುರದ ಆ ರಾತ್ರಿ ಅರ್ಜಿ ಮುಗಿಯುವಾಗ ಹತ್ತೂವರೆ ದಾಟಿತ್ತು. ಅಂತರ್ಜಾಲ ಎರಡು ಸಲ ಕಡಿದುಹೋಯಿತು. ತಂದೆಯ ಆದಾಯದ ಪತ್ರ ಹುಡುಕಲು ತಾಯಿ ಟ್ರಂಕನ್ನೇ ಬರಿದು ಮಾಡಿದರು. ಕೊನೆಗೆ ಅರ್ಜಿಯ ಸಂಖ್ಯೆ ಬಂದಾಗ ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಒಮ್ಮೆ, ಅಂಗೈಯಲ್ಲಿ ಒಮ್ಮೆ ಬರೆದುಕೊಂಡಳು. ಅವರು ಹೋದ ಮೇಲೆ ಪ್ರಬೋಧನೆ ಮುಂದುವರಿಸಲು ಕುಳಿತೆ. ಎರಡು ಸಾಲು ಬರೆದು, ನಿದ್ದೆ ತಡೆಯಲಾರದೆ ಕಣ್ಣುಜ್ಜಿಕೊಂಡೆ. ಎರಡೆರಡು ಸಲ ತೊಳೆದರೂ ಹೋಗದ ಬ್ಯಾಡಗಿ ಖಾರ ಕೀಲಿಗಳ ಮೇಲೆ ಉಳಿದಿತ್ತು. ಕಣ್ಣು ಧಗ್ಗೆಂದಿತು. ಬಚ್ಚಲಿಗೆ ಹೋಗಿ, ಅದೇ ಸೋಪಿನಿಂದ ಕೈ ತೊಳೆದು, ಕಣ್ಣಿಗೆ ತಣ್ಣೀರು ಎರಚಿಕೊಳ್ಳುತ್ತ ಬಹಳ ಹೊತ್ತು ನಿಂತಿದ್ದೆ. ಕೋಟೆಯ ಕಡೆಯಿಂದ ನವಿಲೊಂದು ಕೂಗುತ್ತಿತ್ತು.