ರೊಕ್ಕ, ಸೊಕ್ಕು ಮತ್ತು ಸ್ಪಾನರ್

ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ ಅನ್ನೋದು ನಮ್ಮ ಕುಮಟೆ ಬದಿಯ ಹಳೇ ಗಾದೆ. ಯಾಣಕ್ಕೆ ಕಾಡಿನ ಕಾಲುದಾರಿ ಮಾತ್ರ ಇದ್ದ ಕಾಲದ್ದು. ಅಲ್ಲಿ ದುಡ್ಡು ಕೆಲಸಕ್ಕೆ ಬರ್ತಿರಲಿಲ್ಲ, ಮೈಯಲ್ಲಿ ಕಸುವು ಬೇಕಿತ್ತು. ಈಗ ಬಂಡೆಗಳ ಹತ್ತಿರದವರೆಗೂ ರಸ್ತೆ ಇದೆ. ಹಾಗಾದ್ರೆ ರೊಕ್ಕ, ಸೊಕ್ಕು ಎರಡೂ ಇದ್ದವ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ತರಿಸಿಕೊಂಡು ಯಾಣಕ್ಕೆ ಹೋಗಬಹುದಾ?

ಇದು ಬರೀ ಹಗಲುಗನಸಲ್ಲ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ಒಪ್ಪಂದದ ಪ್ರಕಾರ, ಶೇ 100 ದಾಟಿದ್ದ ಕಾರಿನ ಆಮದು ಸುಂಕ ಕೋಟಾದ ಮಿತಿಯೊಳಗೆ ಹಂತಹಂತವಾಗಿ ಶೇ 10ಕ್ಕೆ ಇಳಿಯಬೇಕು. ಮೆಕ್‌ಲಾರೆನ್ 2022ರಲ್ಲೇ ಮುಂಬೈಯಲ್ಲಿ ಶೋರೂಮ್ ತೆರೆದಿದೆ. ಸ್ಟೀರಿಂಗ್ ಬಲಗಡೆ ಇರೋದು ಅವರಿಗೂ ನಮಗೂ ಒಂದೇ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಶೇ 18 ಆಜೀವ ತೆರಿಗೆ, ಮೇಲೆ ಸೆಸ್. ಇದೆಲ್ಲ ರೊಕ್ಕದ ಲೆಕ್ಕ. ಇಎಂಐನಲ್ಲಿ ಪಳಗಿದ ನಮಗೆ ಒಂದು ಎಕ್ಸೆಲ್ ಶೀಟಿನಲ್ಲಿ ಮುಗಿಯುತ್ತೆ.

ಶೀಟಿಗೆ ಸಿಗದ್ದು ಆಮೇಲಿನ ಕಥೆ. ದೇವಿಮನೆ ಘಟ್ಟದ ತಿರುವು, ಮಳೆಗಾಲದ ಹೊಂಡ, ಊರೂರಿನ ಹಂಪು. ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಇರೋದು ಅರ್ಧ ಗೇಣು. ಇಂಥ ಹೆಚ್ಚಿನ ಕಾರುಗಳಲ್ಲಿ ಸ್ಟೆಪ್ನಿಗೇ ಜಾಗ ಇರಲ್ಲ. ಕೆಟ್ಟು ನಿಂತರೆ ಲಾರಿ ಮೇಲೆ ಹೇರಿ 400 ಕಿಲೋಮೀಟರಿಗೂ ದೂರದ ಬೆಂಗಳೂರಿಗೋ, ಮುಂಬೈಗೋ ಕಳಿಸಬೇಕು.

ಐಷಾರಾಮ ಪಾಪವಾ ಅನ್ನೋದು ನನ್ನ ಪ್ರಶ್ನೆಯಲ್ಲ. ದುಡಿದ ದುಡ್ಡಲ್ಲಿ ಚಂದದ್ದನ್ನ ಬಯಸೋಕೆ ಅಡ್ಡಿಲ್ಲ. ನನ್ನ ಸುತ್ತಲಿನ ಯಾರೂ ರಿಪೇರಿ ಮಾಡಲಾಗದ ವಸ್ತು ನನ್ನದು ಹೇಗಾಗುತ್ತೆ ಅನ್ನೋದು ಪ್ರಶ್ನೆ.

ಅಂಬಾಸಿಡರ್ ಕೂಡ ಹುಟ್ಟಿನಿಂದ ಬ್ರಿಟಿಷ್ ಕಾರೇ. ಅದರ ಮೂಲ ಮಾರಿಸ್ ಆಕ್ಸ್‌ಫರ್ಡ್. 1950ರ ದಶಕದ ಕೊನೆಯಿಂದ 2014ರವರೆಗೆ ಇಲ್ಲೇ ತಯಾರಾಯ್ತು. ಅಷ್ಟು ವರ್ಷ ಬಾಳಿದ್ದಕ್ಕೆ ಪೈಪೋಟಿ ಇಲ್ಲದ್ದೂ ಒಂದು ಕಾರಣ, ಒಪ್ಪೋಣ. ಆದರೆ ಅದು ನಮ್ಮದಾಗಿದ್ದು ಕಾರ್ಖಾನೆಯಲ್ಲಲ್ಲ, ತಾಲೂಕು ಊರುಗಳ ಗ್ಯಾರೇಜಿನಲ್ಲಿ. ಬಾನೆಟ್ ಎತ್ತಿದ್ರೆ ಎಲ್ಲ ಕಾಣ್ತಿತ್ತು, ಕೈಗೆ ಎಟುಕ್ತಿತ್ತು. ಶಬ್ದ ಕೇಳಿಯೇ ರೋಗ ಹೇಳೋರಿದ್ರು.

ಈಗಿನ ಕಾರಿನ ರೋಗ ಕಿವಿಗೆ ಬೀಳಲ್ಲ. ಒಳಗೆ ಹತ್ತಾರು ಪುಟ್ಟ ಕಂಪ್ಯೂಟರುಗಳು. ದೋಷ ಪೂರ್ತಿ ತಿಳಿಯೋಕೆ ಕಂಪನಿಯದೇ ಉಪಕರಣ, ಕಂಪನಿಯದೇ ಲಾಗಿನ್. ಜಗತ್ತಿನ ಕಾರುಗಳಿಗೆ ಸಾಫ್ಟ್‌ವೇರ್ ಬರೆಯೋ ಎಷ್ಟೋ ಮಂದಿ ಬೆಂಗಳೂರಲ್ಲೇ ಇದ್ದಾರೆ. ಆದರೂ ಘಟ್ಟದಲ್ಲಿ ನಿಂತ ಕಾರಿನ ಮುಂದೆ ಅವರೂ ಕೈಕಟ್ಟಿ ನಿಲ್ಲಬೇಕು. ಕೋಡ್ ನಮ್ಮ ಕೈಯದ್ದು, ಕೀಲಿ ಮಾತ್ರ ಬೇರೆಯವರದ್ದು. ಬೇರೆಯವರು ಬಿಚ್ಚಲಾಗದಂಥ ವಸ್ತುಗಳನ್ನ ಕಟ್ಟಿ ಸಂಬಳ ತಗೊಳ್ಳೋರು ನಾವೇ ಅಲ್ವಾ?

ಹಾಗಂತ ಪೇಸ್‌ಮೇಕರ್ ಹಾಕಿಸಿಕೊಂಡವರು ಅದನ್ನ ರಿಪೇರಿ ಮಾಡ್ತಾರಾ ಅಂತ ನೀವು ಕೇಳಬಹುದು. ಇಲ್ಲ. ಜೀವ ಉಳಿಸಿಕೊಳ್ಳೋಕೆ ಇನ್ನೊಬ್ಬರನ್ನ ನೆಚ್ಚೋದು ಅನಿವಾರ್ಯ. ಖುಷಿಗಾಗಿ ನೆಚ್ಚೋವಾಗ ಮಾತ್ರ ಬೇಡ ಅನ್ನೋ ಸ್ವಾತಂತ್ರ್ಯ ನಮಗಿರುತ್ತೆ. ಅದನ್ನೂ ಬೆಲೆಯ ಜೊತೆ ಸೇರಿಸಿ ಲೆಕ್ಕ ಹಾಕಬೇಕು.

ತಗೊಳ್ಳೋರು ತಗೊಳ್ಳಲಿ. ಶೋರೂಮಿಗೆ ಹೋಗೋಕೆ ಮುಂಚೆ ಊರಿನ ಗ್ಯಾರೇಜಿಗೆ ಒಂದು ಫೋನ್ ಮಾಡಿ, "ಇದನ್ನ ನೀ ಮುಟ್ತ್ಯಾ ಮಾರಾಯ?" ಅಂತ ಕೇಳಿ. ಅವನು ನಕ್ಕುಬಿಟ್ಟರೆ, ನೀವು ಕೊಡೋದು ಕಾರಿನ ಬೆಲೆಯಲ್ಲ, ಅದರ ಬಾಡಿಗೆ.