ದಧೀಚಿಯ ದಾನವೂ ಹೃದಯದಾನವೂ

ಆಯುಧಪೂಜೆಯಂದು ಕುಂಕುಮವಿಡುವ ನಾವು, ಇಂದ್ರನ ವಜ್ರಾಯುಧವು ದಧೀಚಿ ಮಹರ್ಷಿಯ ಅಸ್ಥಿಯಿಂದ ರೂಪುಗೊಂಡುದೆಂಬುದನ್ನು ನೆನೆಯಬೇಕು. ಲೋಕಹಿತಕ್ಕಾಗಿ ದೇಹವನ್ನೇ ಇತ್ತ ಆ ತ್ಯಾಗವು ಇಂದು ಪುರಾಣಕಥೆಯಾಗಿಯೇ ಉಳಿದಿಲ್ಲ. 1967ರ ಡಿಸೆಂಬರಿನಲ್ಲಿ ಕೇಪ್‌ಟೌನಿನ ಡಾ. ಕ್ರಿಶ್ಚಿಯಾನ್ ಬರ್ನಾರ್ಡರು ಒಬ್ಬರ ಹೃದಯವನ್ನು ಇನ್ನೊಬ್ಬರ ಎದೆಯಲ್ಲಿ ಕಸಿ ಮಾಡಿದರು. 1994ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಡಾ. ಪಿ. ವೇಣುಗೋಪಾಲರು ನಮ್ಮ ದೇಶದಲ್ಲಿಯೂ ಅದನ್ನು ಯಶಸ್ವಿಯಾಗಿ ಸಾಧಿಸಿದರು.

ಆದರೂ ಮನಸ್ಸು ಅಳುಕುತ್ತದೆ. ಈಶ್ವರನು ನೆಲೆಸಿರುವ ಹೃದಯವನ್ನು ಕೊಟ್ಟುಬಿಡುವುದು ಸಲ್ಲುವುದೇ? ಋಷಿಗಳು ಕಂಡ ಹೃದಯಗುಹೆಯು ಮಾಂಸಪಿಂಡವಲ್ಲ. ಅದೇ ಆತ್ಮನ ನೆಲೆಯಾಗಿದ್ದರೆ ಕಸಿಗೊಂಡವನು ಬೇರೊಬ್ಬನಾಗಿ ಏಳಬೇಕಿತ್ತು. ಅವನಾದರೋ ತನ್ನ ಮಕ್ಕಳನ್ನು ತನ್ನವರೆಂದೇ ಗುರುತಿಸುತ್ತಾನೆ.

ದಧೀಚಿಗೂ ನಮಗೂ ಒಂದು ಅಂತರವುಂಟು. ಮಹರ್ಷಿಯು ತನ್ನ ಬಾಯಿಂದಲೇ ಒಪ್ಪಿಗೆಯಿತ್ತನು. ಮಿದುಳು ಸತ್ತವನು ನುಡಿಯಲಾರನು. ಶೋಕತಪ್ತರಾದ ಬಂಧುಗಳೇ ಉತ್ತರಿಸಬೇಕು. ಅವರು ತಡವರಿಸುತ್ತಿರುವಾಗ ಮಿಡಿಯುವ ಹೃದಯವೂ ಕೆಡಬಹುದು. ಹೊರತೆಗೆದ ಮೇಲಂತೂ, ಬರಿಯ ಶೀತದಲ್ಲಿರಿಸಿದುದು ಸುಮಾರು 4 ಗಂಟೆಗಳೊಳಗೆ ಇನ್ನೊಂದು ಎದೆಯನ್ನು ಸೇರಬೇಕು. ಹೀಗೆ ಉಳಿಸಬಹುದಾಗಿದ್ದ ಜೀವವು ಮೌನದಿಂದ ನಷ್ಟವಾಗುತ್ತದೆ.

ಆ ಭಾರವನ್ನು ಬಂಧುಗಳ ಮೇಲೆ ಹೊರಿಸದೆ, ಬದುಕಿರುವಾಗಲೇ ನಮ್ಮ ಇಚ್ಛೆಯನ್ನು ಮನೆಯವರಿಗೆ ತಿಳಿಸಿಡುವುದು ಧರ್ಮ. ಬನ್ನಿ ಹಂಚುವ ವಿಜಯದಶಮಿಯಂದು ಈ ಮಾತನ್ನೂ ಹಂಚಿಕೊಳ್ಳೋಣ.