ರಸಿಕರ ಪಂಕ್ತಿಯಲ್ಲಿ ಲಿಂಗವಂತ



ಒಂದೇ ದೇವರನ್ನು ನಂಬಿದವರು ಒಂದೆಡೆ ಕೂಡುವುದು ಸುಲಭ. ಅವರ ಮಾತು, ಊಟ, ನಮಸ್ಕಾರ ಎಲ್ಲವೂ ಒಂದೇ ರೀತಿ ಇರುತ್ತದೆ. ಒಂದೇ ಗಾಯನವನ್ನು ಮೆಚ್ಚಿದವರು ಒಂದೆಡೆ ಕೂಡಿದರೆ ಸಂಗತಿ ಬೇರೆ. ಅಲ್ಲಿ ಹತ್ತು ದೇವರ ಭಕ್ತರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರುತ್ತಾರೆ. ಯಾವ ದೇವರನ್ನೂ ನಂಬದವನೂ ಒಬ್ಬ ಇರುತ್ತಾನೆ. ಸ್ವರ ಸರಿಯಾಗಿ ಬಿದ್ದಾಗ ಎಲ್ಲರ ತಲೆಯೂ ಒಟ್ಟಿಗೆ ತೂಗುತ್ತದೆ. ಇಂಥ ಕೂಟದಲ್ಲಿ ಲಿಂಗವಂತನು ಹೇಗೆ ಕೂಡಬೇಕು, ತನ್ನ ನಂಬುಗೆಯ ಮಾತು ಬಂದಾಗ ಏನು ಹೇಳಬೇಕು ಎಂಬ ಪ್ರಶ್ನೆ ನಮ್ಮ ಗಡಿಭಾಗದ ಭಕ್ತರಿಗೆ ಹೊಸದೇನಲ್ಲ. ಆದರೂ ಅದನ್ನು ಬಾಯಿಬಿಟ್ಟು ಕೇಳಿದವರು ಕಡಿಮೆ. ಈ ಸಲ ಒಬ್ಬರು ಕೇಳಿದ್ದಾರೆ.

ಕೇಳಿದವರು ಜತ್ತ ತಾಲೂಕಿನ ಭಕ್ತರು. ದ್ರಾಕ್ಷಿತೋಟ ಉಂಟು, ಒಣದ್ರಾಕ್ಷಿಯ ವ್ಯಾಪಾರಕ್ಕೆ ಸಾಂಗಲಿ ಪೇಟೆಗೆ ಹೋಗಿಬರುವವರು. ಅವರ ಮಗನಿಗೆ ಹಾಡುಗಾರಿಕೆಯ ಹುಚ್ಚು. ಮಿರಜಿನ ಉರುಸಿನಲ್ಲಿ ಖಾನಸಾಹೇಬ ಅಬ್ದುಲ್ ಕರೀಂ ಖಾನರ ಸ್ಮರಣೆಯ ಸಂಗೀತ ಸಭೆ ನಡೆಯುತ್ತದಲ್ಲ, ಅಲ್ಲಿ ರಾತ್ರಿಯೆಲ್ಲ ಕೂತು ಕೇಳಿ ಬಂದಿದ್ದಾನೆ. ತಂದೆ ಮಗನನ್ನು ಕರೆದುಕೊಂಡೇ ಮಠಕ್ಕೆ ಬಂದರು. "ಅಪ್ಪಾರ, ಹುಡುಗ ದರ್ಗಾದಾಗ ರಾತ್ರಿ ಕಳದು ಬಂದಾನ್ರಿ. ಮನ್ಯಾಗ ಹಿರಿಯಾರು ಇವಗ ಮತ್ತ ದೀಕ್ಷಾ ಆಗಬೇಕು ಅಂತಾರ. ಏನ ಮಾಡೂಣ್ರಿ?" ಎಂದರು. ಹೆಸರು ಹೇಳದೆ ಈ ವಿಷಯವನ್ನು ಪತ್ರಿಕೆಯಲ್ಲಿ ಬರೆಯಲು ಇಬ್ಬರೂ ಒಪ್ಪಿದ್ದರಿಂದ ಬರೆಯುತ್ತಿದ್ದೇವೆ.

ಮೊದಲು ಮಿರಜಿನ ಮಾತು. ಅಬ್ದುಲ್ ಕರೀಂ ಖಾನರು ಹುಟ್ಟಿದ್ದು 1872ರಲ್ಲಿ, ದೂರದ ಉತ್ತರ ಪ್ರದೇಶದ ಕೈರಾನಾದಲ್ಲಿ. ಆ ಊರ ಹೆಸರಿನಿಂದಲೇ ಕಿರಾಣಾ ಘರಾಣೆ ಎಂಬ ಹೆಸರು ಬಂತು. ಅವರು ನೆಲೆ ನಿಂತದ್ದು ಮಾತ್ರ ನಮ್ಮ ಮಿರಜಿನಲ್ಲಿ. 1937ರ ಅಕ್ಟೋಬರಿನಲ್ಲಿ ಪಾಂಡಿಚೇರಿಗೆ ಹೊರಟಿದ್ದಾಗ ರೈಲಿನಲ್ಲಿ ಮೈಯಲ್ಲಿ ಸರಿಯಿಲ್ಲದಂತಾಗಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಪ್ರಾರ್ಥನೆ ಮಾಡುತ್ತ ಪ್ರಾಣ ಬಿಟ್ಟರು. ಅವರ ದೇಹವನ್ನು ಮಿರಜಿಗೆ ತಂದು ಖ್ವಾಜಾ ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು. ಆ ಮಹಾನುಭಾವರು ಬದುಕಿದ್ದಾಗ ಗೋಪಾಲನನ್ನು ಕರೆದು ಮೊರೆಯಿಡುವ ಠುಮರಿಯನ್ನೂ ಹಾಡಿದರು, ತ್ಯಾಗರಾಜರ ರಾಮಕೀರ್ತನೆಯನ್ನೂ ಹಾಡಿ ತಟ್ಟೆಗೆ ಕೊಟ್ಟರು. ಹಾಗೆ ಹಾಡಿದ್ದರಿಂದ ಅವರ ನಮಾಜು ತಪ್ಪಿತೆಂದು ಯಾರೂ ಹೇಳಲಿಲ್ಲ.

ಅವರ ಶಿಷ್ಯರು ಯಾರು? ಧಾರವಾಡ ಸೀಮೆಯ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರಲ್ಲಿ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ಮುಂಬಯಿಯ ಫಿರೋಜ್ ದಸ್ತೂರ. ದಸ್ತೂರರು ಪಾರಸಿ ಸಮಾಜದವರು. ಒಂದೇ ಗುರುವಿನ ಮನೆಯಲ್ಲಿ ಇಷ್ಟು ಬಗೆಯ ನಂಬುಗೆ ಕೂಡಿತ್ತು. ಯಾರೂ ಯಾರ ದೇವರನ್ನೂ ಬಿಡಿಸಲಿಲ್ಲ. ಸ್ವರ ಮಾತ್ರ ಕಲಿಸಿದರು.

ನಮ್ಮವರ ಮಾತನ್ನೂ ಹೇಳಬೇಕಲ್ಲ. ಪಂಡಿತ ಮಲ್ಲಿಕಾರ್ಜುನ ಮನಸೂರರು ಲಿಂಗವಂತರು. ಹುಡುಗನಾಗಿದ್ದಾಗ ಮಿರಜಿನಲ್ಲಿ ನೀಲಕಂಠಬುವಾ ಅಲೂರಮಠರಲ್ಲಿ ಗ್ವಾಲಿಯರ್ ಪದ್ಧತಿ ಕಲಿತರು. ಮುಂದೆ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರಿಗೆ ಗಂಡಾ ಕಟ್ಟಿಸಿಕೊಂಡು ಶಿಷ್ಯರಾದರು. 1937ರಲ್ಲಿ ಮಂಜಿ ಖಾನರು ತೀರಿಕೊಂಡ ಮೇಲೆ ಅವರ ತಮ್ಮ ಬುರ್ಜಿ ಖಾನರಲ್ಲಿ ಕಲಿಕೆ ಮುಂದುವರಿಯಿತು. ಗುರುಗಳ ಹೆಸರು ಬಂದರೆ ಮನಸೂರರು ಎಷ್ಟು ಭಕ್ತಿಯಿಂದ ಮಾತನಾಡುತ್ತಿದ್ದರು ಎಂಬುದು ಅವರ 'ನನ್ನ ರಸಯಾತ್ರೆ' ಓದಿದವರಿಗೆ ಗೊತ್ತು. ಧಾರವಾಡ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಅವರಿಗಿದ್ದ ನಿಷ್ಠೆಯೂ ಅಷ್ಟೇ ಪ್ರಸಿದ್ಧ. ಬಸವಾದಿ ಶರಣರ ವಚನಗಳನ್ನು ಅವರು ಅದೇ ಖಾನಸಾಹೇಬರ ಮನೆತನದ ಗಾಯಕಿಯಲ್ಲಿ ಹಾಡಿದರು. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಅನೇಕ ಮನೆಗಳಿಗೆ ವಚನಗಳು ಮತ್ತೆ ಹೊಕ್ಕದ್ದು ರೇಡಿಯೋದಲ್ಲಿ ಕೇಳಿದ ಆ ಧ್ವನಿಯಿಂದ. 1992ರಲ್ಲಿ ಅವರು ಲಿಂಗೈಕ್ಯರಾದರು. ಮುಸಲ್ಮಾನ ಗುರುವಿನಿಂದ ಕಲಿತದ್ದಕ್ಕೆ ಅವರಿಗೆ ಎರಡನೆಯ ದೀಕ್ಷೆ ಬೇಕಾಯಿತೇ? ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಹಿಂದುಸ್ತಾನಿ ಗಾಯನವನ್ನು ಉಸ್ತಾದ ಅಬ್ದುಲ್ ವಹೀದ ಖಾನರಿಂದ ಪಡೆದರು. ಮಠದ ಸ್ವಾಮಿಗಳೇ ಮುಂದೆ ನಿಂತು ಮಾಡಿಸಿದ ಕೆಲಸ ಅದು.

ಆದ್ದರಿಂದ ಆ ತಂದೆಗೆ ನಾವು ಹೇಳಿದ್ದು ಇಷ್ಟು: ಕೂತು ಕೇಳಿದ್ದಕ್ಕೆ ಯಾವ ಪ್ರಾಯಶ್ಚಿತ್ತವೂ ಇಲ್ಲ. ಹಿರಿಯರ ಸಮಾಧಿಯ ಮುಂದೆ ತಲೆಬಾಗಿದರೆ ಅದು ಗೌರವ. ಹರಕೆ ಹೊತ್ತರೆ, ತನಗೆ ಬೇಕಾದ್ದನ್ನು ಅಲ್ಲಿ ಬೇಡಿದರೆ, ಅದು ಏಕದೇವನಿಷ್ಠೆಗೆ ಕುಂದು. ಇದನ್ನು ದರ್ಗಾಕ್ಕೆ ಮಾತ್ರ ಹೇಳುತ್ತಿಲ್ಲ. ಪೇಟೆ ಇಳಿದ ವರುಷ, ದ್ರಾಕ್ಷಿಗೆ ರೋಗ ಬಂದ ವರುಷ ಕಂಡಕಂಡ ಗುಡಿಗೆ ತೆಂಗಿನಕಾಯಿ ಕಟ್ಟಿ ಬರುವ ನಮ್ಮ ಭಕ್ತರಿಗೆ ಆಗ ನಿಷ್ಠೆಯ ನೆನಪಾಗುವುದಿಲ್ಲ. ಮಗ ಹಾಡು ಕೇಳಲು ಹೋದಾಗ ನೆನಪಾಗುತ್ತದೆ! ಮಿರಜಿನ ಉರುಸಿನಲ್ಲಿ ಸಮಗಾರ ಸಮಾಜದವರು ಗಲೀಫ ಅರ್ಪಿಸುವ ಮಾನ ಹಿಂದಿನಿಂದ ನಡೆದುಬಂದಿದೆ. ಹರಳಯ್ಯನವರ ಹೆಸರು ಹೇಳಿ ಭಾಷಣ ಮಾಡುವ ನಾವು ಆ ಮಾನವನ್ನು ಕಂಡು ಸ್ವಲ್ಪ ಯೋಚಿಸಬೇಕು.

ತಂದೆಗೆ ಸಮಾಧಾನವಾಯಿತು. ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುವ ಕಾರಣವಿರಲಿಲ್ಲ. ಅಲ್ಲಿಯವರೆಗೆ ನೆಲ ನೋಡುತ್ತ ಕೂತಿದ್ದ ಹುಡುಗ ಆಗ ಬಾಯಿ ತೆರೆದ.

ಎರಡು ಗಾಯನಗಳ ನಡುವೆ ಚಹಾ ಕುಡಿಯಲು ಎದ್ದಾಗ ಅವನ ಸುತ್ತ ಕೂತಿದ್ದವರು ಮಾತಿಗೆ ತೊಡಗಿದರಂತೆ. ಒಬ್ಬರು ಸಾಂಗೋಲೆಯ ಕಡೆಯ ವಾರಕರಿ, ಕೊರಳಲ್ಲಿ ತುಳಸಿಮಾಲೆ. ಒಬ್ಬರು ಸಾಂಗಲಿಯ ಜೈನ ವ್ಯಾಪಾರಿ, ಸೂರ್ಯ ಮುಳುಗಿದ ಮೇಲೆ ಊಟವಿಲ್ಲವೆಂದು ಚಹಾ ಸಹ ಬೇಡವೆಂದರು. ಒಬ್ಬ ನಿವೃತ್ತ ಮಾಸ್ತರರು, ದೇವರಿಲ್ಲವೆಂದು ಮೊದಲೇ ಹೇಳಿಬಿಟ್ಟರು. ಇನ್ನೊಬ್ಬ ಯುವಕ ಮಿರಜಿನಲ್ಲೇ ತಂಬೂರಿ ಮಾಡುವ ಮನೆಯವನು, ಮುಸಲ್ಮಾನ. ಈ ಹುಡುಗ ತನ್ನ ತಂಬೂರಿಯನ್ನು ಅವರ ಅಂಗಡಿಯಲ್ಲೇ ದುರಸ್ತಿಗೆ ಕೊಟ್ಟಿದ್ದ. ಒಬ್ಬೊಬ್ಬರೂ ತಮ್ಮ ತಮ್ಮ ಮಾತು ಹೇಳಿದರು. ವಾರಕರಿಯು ಆಷಾಢಕ್ಕೆ ಪಂಢರಪುರಕ್ಕೆ ನಡೆದು ಹೋಗುವಾಗ ಕಾಲು ಬೊಬ್ಬೆಯೆದ್ದ ಕಥೆ ಹೇಳಿದರು. ತಂಬೂರಿಯ ಯುವಕ ಸೋರೆಬುರುಡೆಗಳು ಪಂಢರಪುರದ ಸುತ್ತಲಿನ ರೈತರ ಹೊಲದಿಂದಲೇ ಬರುತ್ತವೆ ಎಂದು ನಕ್ಕು, ಶುಕ್ರವಾರದ ನಮಾಜಿನ ಹೊತ್ತಿಗೆ ಉಳಿ ಕೆಳಗಿಡುತ್ತೇವೆ ಎಂದನಂತೆ. ಮಾಸ್ತರರು, "ನನಗ ಭೈರವಿ ಸಾಕು" ಎಂದರಂತೆ. ಯಾರೂ ಯಾರನ್ನೂ ಹಳಿಯಲಿಲ್ಲ.

ಆಮೇಲೆ ಆ ಯುವಕ ನಮ್ಮ ಹುಡುಗನ ಅಂಗಿಯ ಒಳಗಿನ ಕರಡಿಗೆಯನ್ನು ಕಂಡು, "ಅದೇನು ಭಾವು?" ಎಂದು ಕೇಳಿದ. ಹುಡುಗ ಗುಂಡಿ ಹಾಕಿಕೊಂಡು, "ಏನಿಲ್ಲ, ತಾಯಿತ" ಎಂದುಬಿಟ್ಟ.

ತಂದೆ ಇದನ್ನು ಕೇಳಿ ಏನೂ ಹೇಳಲಿಲ್ಲ. ನಮಗೆ ಮಾತ್ರ ದರ್ಗಾದಲ್ಲಿ ಕೂತದ್ದಕ್ಕಿಂತ ಇದೇ ದೊಡ್ಡದೆನಿಸಿತು. ಯಾಕೆ ಹಾಗೆ ಹೇಳಿದೆ ತಮ್ಮಾ ಎಂದು ಕೇಳಿದೆವು. "ಲಿಂಗ ಅಂದ್ರ ಮುಂದ ಏನ ಕೇಳ್ತಾರೋ, ನನಗ ಹೇಳಾಕ ಬರೂದಿಲ್ರಿ ಅಪ್ಪಾರ. ಮನ್ಯಾಗ ಯಾರೂ ಹೇಳಿಕೊಟ್ಟಿಲ್ಲ" ಎಂದ. ಆಗ ನಾವು ತಂದೆಯ ಕಡೆ ತಿರುಗಿ, ನಿಮ್ಮ ಲಿಂಗ ಎಲ್ಲಿದೆ ಎಂದು ಕೇಳಬೇಕಾಯಿತು. "ಜಗಲಿ ಮ್ಯಾಲ ಐತ್ರಿ" ಎಂದರು. ಎಷ್ಟು ಮನೆಗಳಲ್ಲಿ ಹೀಗಿದೆ ಎಂಬುದು ಇದನ್ನು ಓದುವ ನಿಮಗೆ ಗೊತ್ತು. ಮದುವೆಗೆ, ಮಠಕ್ಕೆ ಬರುವಾಗ ಕೊರಳಿಗೆ ಬರುತ್ತದೆ. ಉಳಿದ ದಿನ ಜಗಲಿಯ ಮೇಲೆ. ಎದೆಯ ಮೇಲೆ ಧರಿಸಿದ ಹುಡುಗನಿಗೆ ಹೇಳಲು ಮಾತಿಲ್ಲ, ಮಾತು ಗೊತ್ತಿರಬೇಕಾದ ತಂದೆಯ ಎದೆಯ ಮೇಲೆ ಲಿಂಗವಿಲ್ಲ.

ತಾಯಿತ ಎಂದರೇನು? ಭಯಕ್ಕೆ ಕಟ್ಟಿಕೊಳ್ಳುವುದು. ದೃಷ್ಟಿ ತಾಗದಿರಲಿ, ಜ್ವರ ಬರದಿರಲಿ ಎಂದು ಕಟ್ಟಿಕೊಳ್ಳುವುದು. ಇಷ್ಟಲಿಂಗವು ಗುರು ಕೊಟ್ಟದ್ದು. ಅಂಗೈಯಲ್ಲಿಟ್ಟು ದಿಟ್ಟಿಸುವ ಹೊತ್ತಿಗೆ ಪೂಜಿಸುವವನಿಗೂ ಪೂಜೆಗೊಳ್ಳುವವನಿಗೂ ನಡುವೆ ಪೂಜಾರಿ ಬೇಡ, ಗುಡಿ ಬೇಡ, ಮುಹೂರ್ತ ಬೇಡ. ಹನ್ನೆರಡನೆಯ ಶತಮಾನದಲ್ಲಿ ಗುಡಿಯೊಳಗೆ ಹೋಗಲಾರದವರ ಅಂಗೈಗೂ ಅದು ಬಂತು. ಇದನ್ನು ಆ ತಂಬೂರಿಯ ಯುವಕನಿಗೆ ನಾಲ್ಕು ಮಾತಿನಲ್ಲಿ ಹೇಳಿದ್ದರೆ ಅವನಿಗೆ ತಿಳಿಯದೆ ಇರುತ್ತಿತ್ತೇ? ನಡುವೆ ಯಾರೂ ಇಲ್ಲದೆ ದೇವರ ಮುಂದೆ ನಿಲ್ಲುವ ಮಾತು ಅವನಿಗೆ ನಮಗಿಂತ ಬೇಗ ಅರ್ಥವಾಗುತ್ತಿತ್ತು.

ಕೂಟದಲ್ಲಿ ಹೇಗೆ ಹೇಳಬೇಕು ಎಂಬುದನ್ನು ಆ ನಾಲ್ವರಿಂದಲೇ ಕಲಿಯಬಹುದು. ಅವರು ತಮ್ಮ ಧರ್ಮ ದೊಡ್ಡದೆಂದು ಹೇಳಲಿಲ್ಲ. ತಾವು ಮಾಡುವುದನ್ನು ಹೇಳಿದರು: ನಡೆಯುತ್ತೇನೆ, ಉಣ್ಣುವುದಿಲ್ಲ, ಉಳಿ ಕೆಳಗಿಡುತ್ತೇನೆ. ನೀನೂ ಹಾಗೆಯೇ, ಬೆಳಿಗ್ಗೆ ಎದ್ದು ಇದನ್ನು ಅಂಗೈಯಲ್ಲಿಟ್ಟು ಪೂಜಿಸುತ್ತೇನೆ, ಇದಕ್ಕೆ ಅರ್ಪಿಸದೆ ಉಣ್ಣುವುದಿಲ್ಲ, ಇದು ನನ್ನ ಮೈಯಿಂದ ಅಗಲುವುದಿಲ್ಲ ಎಂದರೆ ಸಾಕು. ಕೇಳಿದರೆ ಹೇಳು, ಕೇಳದಿದ್ದರೆ ಗಾಯನ ಕೇಳು. ಗಾಯಕ ಆಲಾಪ ಮಾಡುವಾಗ ಪಕ್ಕದವನ ಕಿವಿಯಲ್ಲಿ ಷಟ್‌ಸ್ಥಲ ವಿವರಿಸುವ ಉತ್ಸಾಹಿಗಳೂ ನಮ್ಮಲ್ಲಿದ್ದಾರೆ, ಅವರಿಂದ ದೇವರೇ ಕಾಪಾಡಬೇಕು. ಆ ಮಾಸ್ತರರಂತೆ ದೇವರಿಲ್ಲವೆನ್ನುವವರು ಸಿಕ್ಕರೆ ವಾದಕ್ಕಿಳಿಯಬೇಡ. ಭೈರವಿ ಕೇಳಿ ಅವರ ಕಣ್ಣು ತುಂಬಿದ್ದನ್ನು ನೀನೇ ಕಂಡೆ ಎಂದೆಯಲ್ಲ; ಅದರ ಮೇಲೆ ನಾವು ಹೇಳುವುದೇನೂ ಇಲ್ಲ. ಅಲ್ಲಿ ಕೊಟ್ಟ ಸಕ್ಕರೆಯನ್ನು ತೆಗೆದುಕೊಳ್ಳಬೇಕೇ ಎಂದು ಹುಡುಗ ಕೇಳಿದ. ಪ್ರೀತಿಯಿಂದ ಕೊಟ್ಟದ್ದನ್ನು ಕೈಯೊಡ್ಡಿ ತೆಗೆದುಕೋ, ಲಿಂಗಕ್ಕೆ ತೋರಿಸಿ ಬಾಯಿಗೆ ಹಾಕಿಕೋ. ನಿನ್ನ ವ್ರತ ಅದಕ್ಕಿಂತ ಬಿಗಿಯಾಗಿದ್ದರೆ ಕೈಮುಗಿದು ಬೇಡವೆನ್ನು. ಆ ಜೈನರು ಚಹಾ ಬೇಡವೆಂದಾಗ ಯಾರಿಗಾದರೂ ಸಿಟ್ಟು ಬಂತೇ?

ನಂಬುಗೆಯ ಭೇದ ನಮ್ಮ ಕಲ್ಯಾಣದಲ್ಲೇ ಇತ್ತು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ದೊಡ್ಡ ಹೆಸರು ಪಡೆದವರು. ಅಲ್ಲಮಪ್ರಭುಗಳೊಡನೆ ಕಲ್ಯಾಣಕ್ಕೆ ಬಂದಾಗ ಅವರ ಅಂಗದ ಮೇಲೆ ಇಷ್ಟಲಿಂಗವಿರಲಿಲ್ಲ. ಈ ಬಗ್ಗೆ ಶರಣರ ನಡುವೆ ನಡೆದ ವಾದವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಸಿದ್ಧರಾಮರು ತಮ್ಮ ಮಾತನ್ನು ಮುಚ್ಚಿಡಲಿಲ್ಲ, ಶರಣರೂ ಮುಚ್ಚಿಡಲಿಲ್ಲ. ಒಬ್ಬರ ಮಾತನ್ನು ಒಬ್ಬರು ಕೇಳಿ, ತೂಗಿ, ಕೊನೆಗೆ ಚೆನ್ನಬಸವಣ್ಣನವರಿಂದ ಸಿದ್ಧರಾಮರು ಇಷ್ಟಲಿಂಗ ಪಡೆದರು. ಮಾತನಾಡದೆ ಅಂಗಿಯ ಗುಂಡಿ ಹಾಕಿಕೊಂಡಿದ್ದರೆ ಅದು ಅನುಭವ ಮಂಟಪ ಆಗುತ್ತಿರಲಿಲ್ಲ. ಸಂಕ್ರಮಣಕ್ಕೆ ಸೊಲ್ಲಾಪುರದ ಗಡ್ಡೆ ಜಾತ್ರೆಯಲ್ಲಿ ನಂದಿಕೋಲು ಹೊರುವ ನಮ್ಮ ತರುಣರು ಈ ಕಥೆಯನ್ನು ಹಿರಿಯರಿಂದ ಕೇಳಿ ತಿಳಿದುಕೊಳ್ಳಬೇಕು. ಬಿಳಿಯ ಬಾರಾಬಂದಿ ತೊಟ್ಟರೆ ಮುಗಿಯಲಿಲ್ಲ.

ಗಡಿಯಲ್ಲಿರುವ ನಮಗೆ ಇನ್ನೊಂದು ಕಷ್ಟವಿದೆ, ಅದನ್ನೂ ಬಲ್ಲೆವು. ಶಾಲೆ ಮರಾಠಿ, ಪೇಟೆ ಮರಾಠಿ, ಮನೆಮಾತು ಕನ್ನಡ. ವಚನಗಳು ಕನ್ನಡದಲ್ಲಿವೆ. ಹುಡುಗನಿಗೆ ಲಿಂಗದ ಮಾತು ಕನ್ನಡದಲ್ಲೇ ಬರುವುದಿಲ್ಲ, ಮಿರಜಿನಲ್ಲಿ ಮರಾಠಿಯಲ್ಲಿ ಹೇಳು ಎಂದರೆ ಎಲ್ಲಿಂದ ತರಬೇಕು? ಆದ್ದರಿಂದ ಪ್ರತಿ ಸೋಮವಾರ ಸಂಜೆ ಮಠದಲ್ಲಿ ತರುಣರಿಗಾಗಿ ಒಂದು ತಾಸಿನ ಪಾಠ ಇಟ್ಟುಕೊಳ್ಳಲು ನಿಶ್ಚಯಿಸಿದ್ದೇವೆ. ವಚನವನ್ನು ಕನ್ನಡದಲ್ಲಿ ಓದಿ, ಅರ್ಥವನ್ನು ಎರಡೂ ಭಾಷೆಯಲ್ಲಿ ಹೇಳಿಸುತ್ತೇವೆ. ತಂದೆಯಂದಿರೂ ಬರಬಹುದು, ಬರುವಾಗ ಜಗಲಿಯ ಮೇಲಿನದನ್ನು ಧರಿಸಿ ಬರಬೇಕು.

ಹುಡುಗನಿಗೆ ಒಂದು ಕೆಲಸ ಹೇಳಿ ಕಳಿಸಿದ್ದೇವೆ. ಆ ತಂಬೂರಿಯ ಯುವಕನನ್ನು ಕಂಡು, ಅಂದು ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟು ಬರಬೇಕು. ಅಂಗಡಿಯ ವಿಳಾಸ ಅವನ ಕಿಸೆಯಲ್ಲೇ ಇದೆ, ದುರಸ್ತಿಗೆ ಕೊಟ್ಟ ಚೀಟಿಯ ಮೇಲೆ. ತಂಬೂರಿ ತರಲು ಹೇಗೂ ಹೋಗಬೇಕಲ್ಲ. ಆ ದಿನ ಸಾಂಗಲಿಯಲ್ಲಿ ಒಣದ್ರಾಕ್ಷಿಯ ಸೌದಾ ಇದೆಯೆಂದು ತಂದೆಯೂ ಜೊತೆಗೆ ಹೊರಟಿದ್ದಾರೆ.